ನಂದಿ ಹಾಲ್ಟ್ ಮತ್ತು ಎರಡೂವರೆ ಅಡಿ ಹಳಿಯ ಲೆಕ್ಕ

ಯಲಹಂಕದಿಂದ ಚಿಕ್ಕಬಳ್ಳಾಪುರದ ಕಡೆಗೆ ಹೊರಟ ರೈಲು ಬೆಟ್ಟಹಲಸೂರು, ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ವೆಂಕಟಗಿರಿಕೋಟೆಗಳನ್ನು ದಾಟುವ ಹೊತ್ತಿಗೆ ಎಡಗಡೆಯ ಕಿಟಕಿಗಳ ತುಂಬ ನಂದಿಬೆಟ್ಟದ ಸಾಲು ಬಂದು ನಿಲ್ಲುತ್ತದೆ. ಅದರ ತಪ್ಪಲಿನಲ್ಲಿ, ಊರಿನಿಂದ ಸ್ವಲ್ಪ ಹೊರಗೆ, ಮರಗಳ ನೆರಳಿನಲ್ಲಿ ಒಂದು ಚಿಕ್ಕ ಕಲ್ಲುಕಟ್ಟಡವಿದೆ. ಅದೇ ನಂದಿ ಹಾಲ್ಟ್. ಸೂರ್ಯೋದಯ ನೋಡಲೆಂದು ಬೆಳಗಿನ ಜಾವ ಬೆಟ್ಟ ಹತ್ತುವವರಲ್ಲಿ ಬಹಳ ಮಂದಿಗೆ ಬೆಟ್ಟದ ಬುಡದಲ್ಲಿ ಶತಮಾನ ದಾಟಿದ ರೈಲು ನಿಲ್ದಾಣವೊಂದಿದೆ ಎಂಬುದೇ ತಿಳಿದಿರುವುದಿಲ್ಲ, ತಿಳಿದು ಬಂದವರೂ ಫೋಟೊ ತೆಗೆದುಕೊಂಡು ಹೊರಟುಬಿಡುತ್ತಾರೆ. ಕಟ್ಟಡ ಅಂದವಾಗಿರುವುದು ನಿಜ. ಆದರೆ ಅದು ಅಷ್ಟು ಚಿಕ್ಕದಾಗಿ ಏಕಿದೆ, ಅದರ ಮುಂದಿನ ಹಳಿ ಏಕೆ ಬದಲಾಯಿತು, ಹಳಿ ಬದಲಾದರೂ ಕಟ್ಟಡ ಹೇಗೆ ಉಳಿಯಿತು ಎಂದು ಕೇಳಿಕೊಂಡು ಹೋದರೆ ಎಲ್ಲ ಪ್ರಶ್ನೆಗಳೂ ಒಂದೇ ಅಳತೆಗೆ ಬಂದು ಮುಟ್ಟುತ್ತವೆ: ಎರಡೂವರೆ ಅಡಿ.

ರೈಲ್ವೆಯ ಮಾತಿನಲ್ಲಿ ಗೇಜ್ ಎಂದರೆ ಎರಡು ಕಂಬಿಗಳ ಒಳಮೈಗಳ ನಡುವಿನ ಅಂತರ. ಭಾರತದಲ್ಲಿ ಇಂದು ಹೆಚ್ಚು ಕಡಿಮೆ ಎಲ್ಲೆಡೆ ಕಾಣುವ ಬ್ರಾಡ್ ಗೇಜಿನಲ್ಲಿ ಈ ಅಂತರ 1676 ಮಿಲಿಮೀಟರ್, ಅಂದರೆ ಐದೂವರೆ ಅಡಿ. ಮೀಟರ್ ಗೇಜಿನಲ್ಲಿ ಹೆಸರೇ ಹೇಳುವಂತೆ ಸರಿಯಾಗಿ ಒಂದು ಮೀಟರ್. ಅದಕ್ಕಿಂತ ಕಿರಿದಾದವುಗಳನ್ನೆಲ್ಲ ನ್ಯಾರೋ ಗೇಜ್ ಎನ್ನುತ್ತಾರೆ. ಅವುಗಳಲ್ಲಿ 762 ಮಿಲಿಮೀಟರಿನದು, ಅಂದರೆ ಎರಡೂವರೆ ಅಡಿಯದು, ಮತ್ತು 610 ಮಿಲಿಮೀಟರಿನದು ನಮ್ಮ ದೇಶದಲ್ಲಿ ಬಳಕೆಗೆ ಬಂದವು. ನಂದಿ ಹಾಲ್ಟಿನ ಮುಂದೆ ಮೊದಲು ಹಾಸಿದ್ದು 762 ಮಿಲಿಮೀಟರಿನ ಹಳಿ.

ಓದಿದರೆ ಈ ಅಂಕಿಗಳು ಮನಸ್ಸಿನಲ್ಲಿ ನಿಲ್ಲುವುದಿಲ್ಲ, ನೋಡಿದರೆ ನಿಲ್ಲುತ್ತವೆ. ನನ್ನ ಅಕ್ಕನ ಮಗನನ್ನು ಅಲ್ಲಿಗೆ ಕರೆದುಕೊಂಡು ಹೋದ ದಿನ ಒಂದು ಅಳತೆ ಟೇಪನ್ನೂ ಒಂದು ತುಂಡು ಸೀಮೆಸುಣ್ಣವನ್ನೂ ಜೇಬಿನಲ್ಲಿಟ್ಟುಕೊಂಡಿದ್ದೆ. ಹಳಿಯ ಮೇಲೆ ಇಳಿಯುವುದು ಅಪಾಯ, ಕಾನೂನಿನ ಪ್ರಕಾರ ಅಪರಾಧವೂ ಹೌದು. ಆದ್ದರಿಂದ ಪ್ಲಾಟ್‌ಫಾರಂ ಮೇಲೆಯೇ, ಯಾರ ಓಡಾಟಕ್ಕೂ ಅಡ್ಡಿಯಾಗದ ಒಂದು ಮೂಲೆಯಲ್ಲಿ, ಐದೂವರೆ ಅಡಿ ಅಂತರದ ಎರಡು ಗೆರೆ ಎಳೆದು, ಅವುಗಳ ಒಳಗೆ ಎರಡೂವರೆ ಅಡಿ ಅಂತರದ ಇನ್ನೆರಡು ಗೆರೆ ಎಳೆದೆವು. ಹುಡುಗ ಹೊರಗಿನ ಗೆರೆಗಳ ನಡುವೆ ಅಡ್ಡಲಾಗಿ ಎರಡು ಹೆಜ್ಜೆ ನಡೆದ, ಒಳಗಿನ ಗೆರೆಗಳ ಮೇಲೆ ಮಾತ್ರ ಒಂದೊಂದು ಕಾಲಿಟ್ಟು ಸಲೀಸಾಗಿ ನಿಂತುಬಿಟ್ಟ. "ಇಷ್ಟೇನಾ ಮಾವ? ಇದರ ಮೇಲೆ ರೈಲು ಓಡ್ತಿತ್ತಾ?" ಎಂದು ಕೇಳಿದ. ಎತ್ತಿನ ಗಾಡಿಯ ಎರಡು ಚಕ್ರಗಳ ನಡುವಿನ ಅಂತರವೂ ಅದಕ್ಕಿಂತ ಹೆಚ್ಚು ಎಂದು ಹೇಳಿದಾಗ ಅವನು ಮತ್ತೊಮ್ಮೆ ಬಗ್ಗಿ ಗೆರೆಗಳನ್ನು ನೋಡಿದ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತಿದ್ದಿಕೊಳ್ಳಬೇಕು. ನ್ಯಾರೋ ಗೇಜ್ ಎಂದರೆ ಬೆಟ್ಟ ಹತ್ತುವ ಆಟಿಕೆ ರೈಲು ಎಂಬ ಭಾವನೆ ನಮ್ಮಲ್ಲಿ ಗಟ್ಟಿಯಾಗಿದೆ, ನಂದಿಬೆಟ್ಟ ಪಕ್ಕದಲ್ಲೇ ಇರುವುದರಿಂದ ಈ ಹಳಿಯೂ ಬೆಟ್ಟಕ್ಕಾಗಿಯೇ ಹಾಸಿದ್ದೆಂದು ಹಲವರು ಊಹಿಸುತ್ತಾರೆ. ಆದರೆ ಊಟಿಗೆ ಹತ್ತುವ ನೀಲಗಿರಿ ರೈಲಿನ ಹಳಿ ನ್ಯಾರೋ ಗೇಜ್ ಅಲ್ಲವೇ ಅಲ್ಲ, ಅದು ಮೀಟರ್ ಗೇಜ್. ನಂದಿ ಹಾಲ್ಟಿನ ಹಳಿಯಾದರೋ ಯಾವ ಬೆಟ್ಟವನ್ನೂ ಹತ್ತಲಿಲ್ಲ. ಬೆಟ್ಟದ ಬುಡದಲ್ಲಿ ಬಯಲನ್ನು ಹಿಡಿದು ಚಿಕ್ಕಬಳ್ಳಾಪುರಕ್ಕೆ ಹೋಯಿತು. ಅದೇ 762 ಮಿಲಿಮೀಟರಿನ ಅಳತೆ ಕಾಲ್ಕಾ–ಶಿಮ್ಲಾ ಮಾರ್ಗದಲ್ಲಿ ಇರುವುದು ನಿಜ. ಅಲ್ಲಿ ಕಿರಿದು ಹಳಿಗೆ ಬೆಟ್ಟದ ತಿರುವುಗಳು ಕಾರಣವಾದರೆ, ನಮ್ಮ ಬಯಲಿನಲ್ಲಿ ಕಾರಣ ದುಡ್ಡು.

ದುಡ್ಡಿನ ಲೆಕ್ಕ ಹೀಗಿದೆ. ಹಳಿಯ ಅಗಲ ಕಡಿಮೆಯಾದರೆ ಅದರ ಕೆಳಗಿನ ಎಲ್ಲವೂ ಕಡಿಮೆಯಾಗುತ್ತದೆ. ಕಂಬಿಗಳ ಕೆಳಗೆ ಅಡ್ಡಲಾಗಿ ಹಾಸುವ ದಿಮ್ಮಿಗೆ ಸ್ಲೀಪರ್ ಎನ್ನುತ್ತಾರೆ. ಮರದ ಸ್ಲೀಪರುಗಳ ಕಾಲದಲ್ಲಿ ಬ್ರಾಡ್ ಗೇಜಿಗೆ ಬಳಸುತ್ತಿದ್ದ ಸ್ಲೀಪರ್ ಒಂಬತ್ತು ಅಡಿ ಉದ್ದ, ಹತ್ತು ಅಂಗುಲ ಅಗಲ, ಐದು ಅಂಗುಲ ದಪ್ಪ ಇರುತ್ತಿತ್ತು. ನ್ಯಾರೋ ಗೇಜಿನದು ಐದು ಅಡಿ ಉದ್ದ, ಏಳು ಅಂಗುಲ ಅಗಲ, ನಾಲ್ಕೂವರೆ ಅಂಗುಲ ದಪ್ಪ. ಗುಣಿಸಿ ನೋಡಿದರೆ ಒಂದು ದೊಡ್ಡ ಸ್ಲೀಪರಿಗೆ ಬೇಕಾಗುವ ಮರದಲ್ಲಿ ಹತ್ತಿರ ಹತ್ತಿರ ಮೂರು ಚಿಕ್ಕ ಸ್ಲೀಪರುಗಳು ಆಗುತ್ತವೆ. ಇಂದು ಮುಖ್ಯ ಮಾರ್ಗಗಳಲ್ಲಿ ಹಾಸುವ ಕಂಬಿ ಮೀಟರಿಗೆ 60 ಕಿಲೋ ತೂಗುತ್ತದೆ, ಅಂದಿನ ಕಿರಿದು ಹಳಿಯ ಕಂಬಿ ಸಾಮಾನ್ಯವಾಗಿ ಅದರ ಮೂರನೆಯ ಒಂದು ಭಾಗವೂ ತೂಗುತ್ತಿರಲಿಲ್ಲ. ಕಂಬಿ ಹಗುರವಾದರೆ ಅದರ ಮೇಲೆ ಓಡುವ ಎಂಜಿನ್ನೂ ಹಗುರವಾಗಬೇಕು. ಎಂಜಿನ್ ಹಗುರವಾದರೆ ಸೇತುವೆಯ ಕಂಬ ಸಣ್ಣದಾದರೂ ಸಾಕು. ಹಳಿ ಕಿರಿದಾದರೆ ಮಣ್ಣಿನ ಏರಿ ಕಿರಿದಾಗುತ್ತದೆ, ಜಲ್ಲಿ ಕಡಿಮೆ ಸಾಕು, ರೈತರಿಂದ ಕೊಳ್ಳಬೇಕಾದ ಜಮೀನೂ ಕಡಿಮೆ.

ತಿರುವಿನ ವಿಷಯದಲ್ಲಿ ಉಳಿತಾಯ ಇನ್ನೂ ಹೆಚ್ಚು. ರೈಲಿನ ಎರಡೂ ಚಕ್ರಗಳು ಒಂದೇ ಅಚ್ಚಿಗೆ ಬಿಗಿದು ಒಟ್ಟಿಗೇ ತಿರುಗುತ್ತವೆ, ಆದರೆ ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ, ಒಳಗಿನದು ಕಡಿಮೆ ದೂರ ಉರುಳಬೇಕಾಗುತ್ತದೆ. ಹಳಿ ಅಗಲವಾದಷ್ಟೂ ಈ ವ್ಯತ್ಯಾಸ ದೊಡ್ಡದಾಗಿ ಚಕ್ರ ಕಂಬಿಗೆ ಉಜ್ಜತೊಡಗುತ್ತದೆ. ಹೀಗಾಗಿ ಭಾರತೀಯ ರೈಲ್ವೆಯ ನಿಯಮದಲ್ಲಿ ಬ್ರಾಡ್ ಗೇಜಿನ ಅತಿ ಬಿಗಿಯಾದ ತಿರುವಿನ ತ್ರಿಜ್ಯವೂ 175 ಮೀಟರಿಗಿಂತ ಕಡಿಮೆಯಿರುವಂತಿಲ್ಲ, ಮೀಟರ್ ಗೇಜಿಗೆ ಆ ಮಿತಿ 109 ಮೀಟರ್, ನ್ಯಾರೋ ಗೇಜಿಗೆ 44 ಮೀಟರ್ ಮಾತ್ರ. ಎದುರಿಗೆ ಕೆರೆಯ ಏರಿಯೋ ಬಂಡೆಯೋ ಬಂದರೆ ಅಗಲ ಹಳಿಯವರು ಏರಿಯನ್ನು ಸೀಳಬೇಕು, ಬಂಡೆಯನ್ನು ಸಿಡಿಸಬೇಕು. ಕಿರಿದು ಹಳಿಯವರು ಬಳಸಿಕೊಂಡು ಹೋದರಾಯಿತು. ಹೆಜ್ಜೆಗೊಂದು ಕೆರೆ, ಹೊಲಕ್ಕೊಂದು ಬಂಡೆ ಇರುವ ನಮ್ಮ ಸೀಮೆಯಲ್ಲಿ ಇದು ಸಣ್ಣ ಅನುಕೂಲವಲ್ಲ. ನಂದಿಯ ಸುತ್ತಿನ ನೆಲದ ಇನ್ನೊಂದು ಗುಣವೂ ನೆರವಾಗಿರಬೇಕೆಂದು ನನಗೆ ಅನ್ನಿಸುತ್ತದೆ. ಅರ್ಕಾವತಿ, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿಗಳು ಹುಟ್ಟುವುದು ಈ ಬೆಟ್ಟಗಳ ಆಸುಪಾಸಿನಲ್ಲೇ. ಹುಟ್ಟಿದ ಜಾಗದಲ್ಲಿ ನದಿಗಳೆಲ್ಲ ಇನ್ನೂ ಹಳ್ಳಗಳಾಗಿರುತ್ತವೆ, ಹಳ್ಳಕ್ಕೆ ಮೋರಿ ಕಟ್ಟಿದರೆ ಸಾಕು, ದೊಡ್ಡ ಸೇತುವೆ ಬೇಕಿಲ್ಲ.

ಇಂಥ ಲೆಕ್ಕಾಚಾರ ಮುಖ್ಯವಾಗಿದ್ದ ಕಾಲವದು. ಮದರಾಸಿನ ಕಡೆಯಿಂದ ಬ್ರಾಡ್ ಗೇಜ್ ರೈಲು ಬೆಂಗಳೂರು ದಂಡು ಪ್ರದೇಶಕ್ಕೆ 1864ರಲ್ಲಿಯೇ ಬಂದಿತ್ತು. ಮೈಸೂರು ಸಂಸ್ಥಾನ ಬೆಂಗಳೂರು–ಮೈಸೂರು ಮಾರ್ಗವನ್ನು 1880ರ ದಶಕದ ಆರಂಭದಲ್ಲಿ ಮೀಟರ್ ಗೇಜಿನಲ್ಲಿ ಮುಗಿಸಿತು, 1884ರಲ್ಲಿ ತುಮಕೂರಿಗೂ ಅದೇ ಅಳತೆಯ ರೈಲು ಬಂತು. ದೊಡ್ಡ ಊರುಗಳ ಸರದಿ ಮುಗಿದ ಮೇಲೆ ಉಳಿದವು ದೇವನಹಳ್ಳಿ, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರದಂಥ ಪೇಟೆಗಳು. ವ್ಯಾಪಾರವಿದ್ದರೂ ದೊಡ್ಡ ಹಳಿಯ ಖರ್ಚನ್ನು ಹೊರುವಷ್ಟು ಇಲ್ಲದವು. 1913ರಲ್ಲಿ ಬೌರಿಂಗ್‌ಪೇಟೆ, ಅಂದರೆ ಇಂದಿನ ಬಂಗಾರಪೇಟೆಯಿಂದ ಕೋಲಾರಕ್ಕೆ ನ್ಯಾರೋ ಗೇಜ್ ರೈಲು ಬಂತು. ಬೆಂಗಳೂರಿನ ಕಡೆಯಿಂದ ದೇವನಹಳ್ಳಿ, ನಂದಿಗಳ ಮೂಲಕ ಚಿಕ್ಕಬಳ್ಳಾಪುರಕ್ಕೆ ಬಂದ ಹಳಿ ಬೆಂಗಳೂರು–ಚಿಕ್ಕಬಳ್ಳಾಪುರ ಲೈಟ್ ರೈಲ್ವೆ ಎಂಬ ಹೆಸರಿನಲ್ಲಿ 1915ರಿಂದ 1918ರ ನಡುವೆ ರೂಪುಗೊಂಡಿತು. ಆಗ ಸಂಸ್ಥಾನದ ದಿವಾನರಾಗಿದ್ದವರು ಸರ್ ಎಂ. ವಿಶ್ವೇಶ್ವರಯ್ಯನವರು, 1912ರಿಂದ 1918ರವರೆಗೆ ಅವರದೇ ಆಡಳಿತ. ಅವರ ಹುಟ್ಟೂರು ಮುದ್ದೇನಹಳ್ಳಿ ಇರುವುದು ಇದೇ ನಂದಿಯ ಸೀಮೆಯಲ್ಲಿ.

ಲೈಟ್ ರೈಲ್ವೆ ಎಂಬ ಹೆಸರಿನಲ್ಲಿರುವ ಹಗುರತನ ಹಳಿಯ ತೂಕಕ್ಕಷ್ಟೇ ಸೇರಿದ್ದಲ್ಲ. ವೇಗ ಕಡಿಮೆ, ಗಾಡಿ ಕಡಿಮೆ, ಸಿಬ್ಬಂದಿ ಕಡಿಮೆ, ಸಿಗ್ನಲ್ಲು ಮತ್ತು ಕಟ್ಟಡಗಳು ಬೇಕಾದಷ್ಟೇ ಎಂಬುದು ಆ ಬಗೆಯ ರೈಲ್ವೆಗಳ ಸಾಮಾನ್ಯ ಧೋರಣೆಯಾಗಿತ್ತು. ನಂದಿ ಹಾಲ್ಟಿನ ಕಟ್ಟಡದ ಮುಂದೆ ನಿಂತು ಅದನ್ನು ಓದಬೇಕಾದದ್ದು ಹೀಗೆಯೇ. ಸುತ್ತಮುತ್ತ ಧಾರಾಳವಾಗಿ ಸಿಗುವ ಕಲ್ಲಿನಿಂದ ಎದ್ದ ಗೋಡೆ, ಮೇಲೆ ಇಳಿಜಾರಾದ ಹೆಂಚಿನ ಮಾಡು, ಟಿಕೆಟ್ ಕೊಡಲು ಮತ್ತು ಮಳೆ ಬಿಸಿಲಿಗೆ ನಿಲ್ಲಲು ಬೇಕಾದಷ್ಟು ಜಾಗ. ಗೋಪುರವಿಲ್ಲ, ಗಡಿಯಾರವಿಲ್ಲ. ಆದರೂ ಅದು ಕಾಟಾಚಾರಕ್ಕೆ ಕಟ್ಟಿದ ಕಟ್ಟಡವಲ್ಲ. ಅಗ್ಗದ ರೈಲ್ವೆಯಾದರೂ ಜನ ಬಂದು ಕಾಯುವ ಜಾಗಕ್ಕೆ ಒಂದು ಘನತೆ ಇರಬೇಕೆಂದು ಅದನ್ನು ಕಟ್ಟಿದವರು ನಂಬಿದ್ದರೆಂಬುದು ಕಲ್ಲಿನ ಕೆಲಸ ನೋಡಿದವರಿಗೆ ಗೊತ್ತಾಗುತ್ತದೆ. ಇಂದಿನ ತಗಡಿನ ತಂಗುದಾಣಗಳ ಜೊತೆ ಹೋಲಿಸಿದಾಗ ನನಗೆ ಬೇಸರವಾಗುವುದು ಈ ಕಾರಣಕ್ಕೆ.

ಹಾಗಾದರೆ ಇಷ್ಟೆಲ್ಲ ಉಳಿಸಿಕೊಟ್ಟ ಹಳಿಯನ್ನು ಕಿತ್ತು ಹಾಕಿದ್ದೇಕೆ? ಇದು ಇಡೀ ವಿಷಯದ ಜಟಿಲ ಭಾಗ. ಸ್ವಲ್ಪ ನಿಧಾನವಾಗಿ ನೋಡಬೇಕು.

ಕಿರಿದು ಹಳಿ ಕಟ್ಟುವಾಗ ಉಳಿಸಿದ ಹಣವನ್ನು ಓಡಿಸುವಾಗ ದಿನವೂ ಸ್ವಲ್ಪ ಸ್ವಲ್ಪವಾಗಿ ವಾಪಸು ಕೇಳುತ್ತದೆ. ಚಿಕ್ಕಬಳ್ಳಾಪುರದಲ್ಲಿ ಒಬ್ಬ ವರ್ತಕ ನೂರು ಮೂಟೆ ಆಲೂಗಡ್ಡೆಯನ್ನು ರೈಲಿಗೆ ಹಾಕಿದನೆಂದು ಇಟ್ಟುಕೊಳ್ಳೋಣ. ಆ ಮಾಲು ತುಮಕೂರಿಗೆ ಹೋಗಬೇಕಾದರೆ ಯಶವಂತಪುರದ ಹತ್ತಿರ ಎರಡೂವರೆ ಅಡಿಯ ಹಳಿ ಮುಗಿದು ಮೀಟರ್ ಗೇಜ್ ಶುರುವಾಗುತ್ತದೆ. ಚಿಕ್ಕ ಹಳಿಯ ವ್ಯಾಗನ್ನಿನ ಚಕ್ರಗಳು ದೊಡ್ಡ ಹಳಿಯ ಮೇಲೆ ಕೂರುವುದೇ ಇಲ್ಲ; ಹೀಗಾಗಿ ಚಿಕ್ಕ ವ್ಯಾಗನ್ನಿನಿಂದ ಒಂದೊಂದೇ ಮೂಟೆಯನ್ನು ಹಮಾಲರು ಬೆನ್ನ ಮೇಲೆ ಇಳಿಸಿ ಪಕ್ಕದ ದೊಡ್ಡ ವ್ಯಾಗನ್ನಿಗೆ ಏರಿಸಬೇಕು. ಅದೇ ಮಾಲು ಮದರಾಸಿಗೆ ಹೋಗಬೇಕಾದರೆ ಕೋಲಾರದ ಮೂಲಕ ಬೌರಿಂಗ್‌ಪೇಟೆಗೆ ಹೋಗಿ, ಅಲ್ಲಿ ಬ್ರಾಡ್ ಗೇಜಿನ ವ್ಯಾಗನ್ನಿಗೆ ಇದೇ ರೀತಿ ಬದಲಾಗಬೇಕು. ಕೂಲಿ ಒಂದು ಖರ್ಚು. ಎದುರಿನ ಹಳಿಯಲ್ಲಿ ಖಾಲಿ ವ್ಯಾಗನ್ ಸಿಗುವವರೆಗೆ ಕಾಯುವುದು ಇನ್ನೊಂದು. ಎತ್ತಿ ಹಾಕುವಾಗ ಮೂಟೆ ಒಡೆಯುವುದು, ಎಣಿಕೆ ತಪ್ಪುವುದು, ಮಳೆಯಲ್ಲಿ ನೆನೆಯುವುದು ಇವೆಲ್ಲ ಮತ್ತೊಂದು. ನೂರಾರು ಮೈಲಿ ಹೋಗುವ ಮಾಲಿಗೆ ಈ ತೊಂದರೆ ದಾರಿಯ ಉದ್ದದಲ್ಲಿ ಕರಗಿಹೋಗುತ್ತದೆ. ನಲವತ್ತು ಐವತ್ತು ಮೈಲಿ ಹೋಗುವ ಮಾಲಿಗೆ ಹಾಗಲ್ಲ, ಪ್ರಯಾಣಕ್ಕಿಂತ ಬದಲಾವಣೆಯೇ ದೊಡ್ಡ ಕೆಲಸವಾಗಿಬಿಡುತ್ತದೆ.

ಲಾರಿ ಬಂದದ್ದು ಈ ಸಂದಿಯಲ್ಲಿ. ಹೊಲದ ಬದುವಿನಲ್ಲೇ ಮೂಟೆ ತುಂಬಿಸಿಕೊಂಡು ಬೆಂಗಳೂರಿನ ಮಂಡಿಯ ಬಾಗಿಲಲ್ಲಿ ಇಳಿಸುವ ಲಾರಿಗೆ ಮಧ್ಯದಲ್ಲಿ ಎಲ್ಲಿಯೂ ಗೇಜ್ ಬದಲಾಯಿಸುವ ಕಾಟವಿಲ್ಲ. ಬೆಂಗಳೂರಿನಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿ ದೇವನಹಳ್ಳಿ, ಚಿಕ್ಕಬಳ್ಳಾಪುರಗಳ ಮೂಲಕ ಈ ರೈಲು ಹಾದಿಯ ಜೊತೆಜೊತೆಗೇ ಸಾಗುತ್ತದೆ. ಶಿಡ್ಲಘಟ್ಟದ ರೇಷ್ಮೆ, ಶ್ರೀನಿವಾಸಪುರದ ಮಾವು, ಕೋಲಾರ–ಚಿಂತಾಮಣಿಯ ಟೊಮೆಟೊ, ಚಿಕ್ಕಬಳ್ಳಾಪುರದ ದ್ರಾಕ್ಷಿ ಎಲ್ಲವೂ ಬೇಗ ತಲುಪಬೇಕಾದ ಮಾಲುಗಳು. ಅವು ರಸ್ತೆ ಹಿಡಿದದ್ದರಲ್ಲಿ ಆಶ್ಚರ್ಯವಿಲ್ಲ. ಚಿಕ್ಕ ರೈಲಿಗೆ ಉಳಿದದ್ದು ಮುಖ್ಯವಾಗಿ ಜನ: ಸಂತೆಗೆ, ಕೋರ್ಟಿಗೆ, ಶಾಲೆಗೆ, ನೆಂಟರ ಮನೆಗೆ ಹೋಗುವವರು.

ಹಲವು ಅಳತೆಗಳ ಹಳಿ ದೇಶಕ್ಕೆಲ್ಲ ತೊಡಕಾಗಿದ್ದರಿಂದ 1992ರಲ್ಲಿ ಏಕರೂಪದ ಗೇಜ್ ಯೋಜನೆ ಆರಂಭವಾಯಿತು, ಮುಖ್ಯವಾದ ಮೀಟರ್ ಗೇಜ್ ಮತ್ತು ನ್ಯಾರೋ ಗೇಜ್ ಮಾರ್ಗಗಳನ್ನು ಬ್ರಾಡ್ ಗೇಜಿಗೆ ಬದಲಿಸುವ ಕೆಲಸ ವೇಗ ಪಡೆಯಿತು. ನಮ್ಮ ಮಾರ್ಗದಲ್ಲಿ ಅದು ಎರಡೂ ತುದಿಗಳಿಂದ ನಡೆಯಿತು. 1990ರ ದಶಕದಲ್ಲಿ ಯಲಹಂಕ–ಚಿಕ್ಕಬಳ್ಳಾಪುರದ ಭಾಗವೂ ಬಂಗಾರಪೇಟೆ–ಕೋಲಾರದ ಭಾಗವೂ ಅಗಲವಾದವು. ನಡುವಿನ ಚಿಕ್ಕಬಳ್ಳಾಪುರ–ಕೋಲಾರದ ತುಂಡು ಮಾತ್ರ ವರ್ಷಗಟ್ಟಲೆ ಹಾಗೆಯೇ ಬಿತ್ತು. ಹೊಸ ಹಳಿಯ ಮೇಲೆ ಅಲ್ಲಿ ರೈಲು ಮತ್ತೆ ಓಡಿದ್ದು 2013ರಲ್ಲಿ. ಅಷ್ಟರಲ್ಲಿ ಚಿಕ್ಕಬಳ್ಳಾಪುರ ಕೋಲಾರದಿಂದ ಬೇರೆಯಾಗಿ ತಾನೇ ಒಂದು ಜಿಲ್ಲೆಯಾಗಿ (2007) ಆರು ವರ್ಷ ಕಳೆದಿತ್ತು. ಒಂದು ಮಾರ್ಗದ ಎರಡು ತುದಿ ಬದಲಾಗಿ ನಡು ಬದಲಾಗದಿದ್ದರೆ ಏನಾಗುತ್ತದೆಂದು ನಮ್ಮ ಜನ ಅನುಭವಿಸಿ ತಿಳಿದರು. ಶಿಡ್ಲಘಟ್ಟ, ಚಿಂತಾಮಣಿಯವರಿಗೆ ರೈಲೇ ಇಲ್ಲವಾಯಿತು, ಚಿಕ್ಕಬಳ್ಳಾಪುರ ಕೊನೆಯ ನಿಲ್ದಾಣವಾಯಿತು, ನಂದಿ ಹಾಲ್ಟ್ ಕೊನೆಯದಕ್ಕೆ ಹಿಂದಿನದಾಯಿತು.

ಕಟ್ಟಡ ಉಳಿಯಲು ಇದೇ ಕಾರಣವೆಂದು ನನ್ನ ನಂಬಿಕೆ. ಸಂಚಾರ ಹೆಚ್ಚಿದ ಕಡೆ ಹಳೆಯ ನಿಲ್ದಾಣಗಳನ್ನು ಕೆಡವಿ ದೊಡ್ಡದಾಗಿ ಕಟ್ಟುತ್ತಾರೆ. ದಿನಕ್ಕೆ ಕೆಲವೇ ರೈಲು ಓಡುವ ಕಡೆ ಕೆಡವಲೂ ಯಾರೂ ಬರುವುದಿಲ್ಲ. ಆದರೆ ಕೆಡವದೆ ಬಿಟ್ಟದ್ದೆಲ್ಲ ತಾನಾಗಿ ಉಳಿಯುವುದಿಲ್ಲ. ಹೆಂಚು ಜಾರುತ್ತದೆ, ಮಳೆಯ ನೀರು ಗೋಡೆಯೊಳಗೆ ಇಳಿಯುತ್ತದೆ, ಬಿರುಕಿನಲ್ಲಿ ಅರಳಿಯ ಸಸಿ ಬೇರು ಬಿಡುತ್ತದೆ. ಪಾರಂಪರಿಕ ಕಟ್ಟಡಗಳ ರಕ್ಷಣೆಗೆ ದುಡಿಯುವ ಇಂಟ್ಯಾಕ್ ಸಂಸ್ಥೆಯ ಬೆಂಗಳೂರು ಶಾಖೆ ರೈಲ್ವೆಯೊಂದಿಗೆ ಸೇರಿ ಈ ಮಾರ್ಗದ ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್ ನಿಲ್ದಾಣಗಳ ಹಳೆಯ ಕಟ್ಟಡಗಳನ್ನು ಕೈಗೆತ್ತಿಕೊಂಡದ್ದರಿಂದ ಇಂದು ಅವು ನೋಡುವಂತಾಗಿವೆ.

ಇಂಥ ಕಟ್ಟಡದ ದುರಸ್ತಿ ಸಿಮೆಂಟು ಮೆತ್ತಿ ಬಣ್ಣ ಬಳಿಯುವ ಕೆಲಸವಲ್ಲ. ಆ ಕಾಲದ ಗೋಡೆಗಳಲ್ಲಿ ಕಲ್ಲಿನ ನಡುವೆ ಇರುವುದು ಸುಣ್ಣದ ಗಾರೆ. ಗಾರೆಯಲ್ಲಿ ಕಣ್ಣಿಗೆ ಕಾಣದ ಸಣ್ಣ ರಂಧ್ರಗಳಿರುವುದರಿಂದ ಗೋಡೆ ಹೀರಿದ ತೇವ ಬಿಸಿಲಿಗೆ ಹೊರಗೆ ಹೋಗಿ ಗೋಡೆ ಮತ್ತೆ ಒಣಗುತ್ತದೆ. ಅದರ ಮೇಲೆ ಸಿಮೆಂಟು ಬಳಿದರೆ ತೇವ ಒಳಗೇ ಸಿಕ್ಕಿಕೊಂಡು ಗಾರೆಯನ್ನು ಪುಡಿ ಮಾಡುತ್ತದೆ. ಹೊರಗೆ ಗಟ್ಟಿಯಾಗಿ ಕಾಣುವ ಗೋಡೆ ಒಳಗಿನಿಂದ ಸಡಿಲವಾಗುತ್ತ ಹೋಗುತ್ತದೆ. ಅಲ್ಲಿಗೆ ಹೋದಾಗ ಎರಡು ಕಲ್ಲುಗಳು ಸೇರುವ ಸಂದಿಯನ್ನು ಹತ್ತಿರದಿಂದ ನೋಡಿ. ಸಿಮೆಂಟಿನ ಗೆರೆ ಬೂದು ಬಣ್ಣದ್ದು, ನುಣುಪು, ಕಲ್ಲಿಗಿಂತ ಎದ್ದು ಕಾಣುತ್ತದೆ. ಗಾರೆಯ ಗೆರೆ ಮಾಸಿದ ಬಿಳುಪಿನದು, ಮರಳಿನ ಹರಳು ಕಾಣುವಷ್ಟು ತರಿತರಿ. ದಯವಿಟ್ಟು ಉಗುರಿನಿಂದ ಕೆರೆಯಬೇಡಿ, ಗೋಡೆಯ ಮೇಲೆ ಹೆಸರು ಗೀಚಬೇಡಿ. ಸುಣ್ಣದ ಮೇಲ್ಮೈಯಲ್ಲಿ ಒಮ್ಮೆ ಮೂಡಿದ ಗೀರನ್ನು ಒರೆಸಿ ತೆಗೆಯಲು ಆಗುವುದಿಲ್ಲ.

ಇನ್ನೊಂದು ಗುರುತನ್ನೂ ಗಮನಿಸಬಹುದು. ಕಿರಿದು ಹಳಿಯ ಕಾಲದ ಪ್ಲಾಟ್‌ಫಾರಂ ನೆಲಕ್ಕೆ ಹತ್ತಿರವಿರುತ್ತಿತ್ತು, ಏಕೆಂದರೆ ಚಿಕ್ಕ ಡಬ್ಬಿಗಳ ನೆಲವೂ ತಗ್ಗಿನಲ್ಲಿರುತ್ತಿತ್ತು. ಈಗಿನ ನಿಯಮದ ಎತ್ತರದ ಪ್ಲಾಟ್‌ಫಾರಂ ಹಳಿಯ ಮಟ್ಟದಿಂದ 760 ರಿಂದ 840 ಮಿಲಿಮೀಟರ್ ಮೇಲಿರಬೇಕು. ಹೀಗಾಗಿ ಗೇಜ್ ಬದಲಾದ ಹಳೆಯ ನಿಲ್ದಾಣಗಳಿಗೆ ಹೋದಾಗ ಕಟ್ಟಡದ ಹೊಸ್ತಿಲು, ಪ್ಲಾಟ್‌ಫಾರಂ, ಹಳಿ ಈ ಮೂರರ ಮಟ್ಟಗಳನ್ನು ಹೋಲಿಸಿ ನೋಡುವುದು ಒಳ್ಳೆಯ ಅಭ್ಯಾಸ.

ಹಾಲ್ಟ್ ಎಂಬ ಪದಕ್ಕೂ ಒಂದು ನಿಖರ ಅರ್ಥವಿದೆ. ಒಂಟಿ ಹಳಿಯ ಮಾರ್ಗದಲ್ಲಿ ಎದುರುಬದುರಿನ ರೈಲುಗಳನ್ನು ಒಂದರ ಪಕ್ಕಕ್ಕೊಂದು ನಿಲ್ಲಿಸಿ ದಾಟಿಸುವುದು, ಮುಂದಿನ ನಿಲ್ದಾಣದವರನ್ನು ಕೇಳಿ ರೈಲನ್ನು ಬಿಡುವುದು ಇವೆಲ್ಲ ಸ್ಟೇಷನ್ ಮಾಸ್ಟರ್ ಇರುವ ಬ್ಲಾಕ್ ನಿಲ್ದಾಣಗಳ ಕೆಲಸ. ಹಾಲ್ಟಿಗೆ ಆ ಜವಾಬ್ದಾರಿ ಇಲ್ಲ. ರೈಲು ನಿಂತು, ಜನ ಹತ್ತಿ ಇಳಿದು, ಮುಂದಕ್ಕೆ ಹೋಗುತ್ತದೆ. ಎಕ್ಸ್‌ಪ್ರೆಸ್ ರೈಲುಗಳು ಸಾಮಾನ್ಯವಾಗಿ ಇಂಥ ಕಡೆ ನಿಲ್ಲುವುದಿಲ್ಲ. ಆದ್ದರಿಂದ ರೈಲಿನಲ್ಲೇ ಹೋಗುವವರು ನಂದಿ ಹಾಲ್ಟಿನಲ್ಲಿ ನಿಲ್ಲುವ ಮೆಮು (ವಿದ್ಯುತ್ತಿನಿಂದ ಓಡುವ ಸ್ಥಳೀಯ ರೈಲು) ಅಥವಾ ಪ್ಯಾಸೆಂಜರ್ ಯಾವುದೆಂದು ಮೊದಲೇ ನೋಡಿಕೊಳ್ಳಬೇಕು, ವಾಪಸು ಬರುವ ರೈಲಿನ ಹೊತ್ತನ್ನೂ ಬರೆದಿಟ್ಟುಕೊಳ್ಳಬೇಕು. ಒಂದು ತಪ್ಪಿದರೆ ಇನ್ನೊಂದಕ್ಕೆ ಬಹಳ ಹೊತ್ತು ಕಾಯಬೇಕಾಗುತ್ತದೆ. ಕುಡಿಯುವ ನೀರು, ಬುತ್ತಿ ಜೊತೆಯಲ್ಲಿರಲಿ. ಸಮಯ ಮಿಕ್ಕರೆ ನಂದಿ ಗ್ರಾಮದ ಭೋಗನಂದೀಶ್ವರ ದೇವಾಲಯಕ್ಕೆ ನಡೆದೇ ಹೋಗಬಹುದು. ಒಂಬತ್ತನೆಯ ಶತಮಾನದಿಂದ ವಿಜಯನಗರದ ಕಾಲದವರೆಗೆ ಬೆಳೆದ ಆ ಗುಡಿಯ ಕಲ್ಲಿನ ಕೆಲಸ ಕಂಡ ಮೇಲೆ, ನಿಲ್ದಾಣದ ಗೋಡೆಯ ಕಲ್ಲುಗಳೂ ಅದೇ ಸೀಮೆಯ ಕೈಗಳಿಗೆ ಪರಿಚಯವಿದ್ದವೆಂಬುದು ಅರ್ಥವಾಗುತ್ತದೆ.

ಒಂದು ಇಡೀ ದಿನ ಕೈಯಲ್ಲಿದ್ದರೆ ನಂದಿಯಿಂದ ಹಿಂದಕ್ಕೆ ಬಾರದೆ ಮುಂದಕ್ಕೆ ಹೋಗುವುದು ಇನ್ನೂ ಒಳ್ಳೆಯದು. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರ, ಕೋಲಾರಗಳನ್ನು ದಾಟಿ ಬಂಗಾರಪೇಟೆಯಲ್ಲಿ ಇಳಿದರೆ, ಹಿಂದೊಮ್ಮೆ ಹಮಾಲರು ಮೂಟೆಗಳನ್ನು ಒಂದು ವ್ಯಾಗನ್ನಿನಿಂದ ಇನ್ನೊಂದಕ್ಕೆ ಹೊತ್ತು ಹಾಕುತ್ತಿದ್ದ ಊರು ಅದು. ಪ್ಲಾಟ್‌ಫಾರಮಿನ ಮೇಲೆ ನಿಂತು, ಕೋಲಾರದ ಕಡೆಯ ಹಳಿ ಚೆನ್ನೈ–ಬೆಂಗಳೂರು ಹಳಿಗಳ ಕಡೆಗೆ ಬಾಗಿ ಬರುವುದನ್ನು ನೋಡಿ. ಈಗ ಎರಡರ ಅಳತೆಯೂ ಒಂದೇ, 1676 ಮಿಲಿಮೀಟರ್. ಒಂದು ಕಡೆಯ ವ್ಯಾಗನ್ ಇನ್ನೊಂದು ಕಡೆಗೆ ಯಾರೂ ಮುಟ್ಟದೆ ಉರುಳಿಹೋಗುತ್ತದೆ.